ಅಂಗಡಿಯ ಸಾಫ್ಟ್‌ವೇರ್ ನೋಡಿಕೊಳ್ಳಲು ವರ್ಷದ ಗುತ್ತಿಗೆಯೋ, ಕರೆದಾಗ ಬರುವವರೋ, ತಿಂಗಳ ಚಂದಾವೋ?

ಮುಂಬೈಯ ಮಾಟುಂಗದಲ್ಲಿ ನಮ್ಮದು ಊರಿನ ಸಾಮಾನಿನ ಅಂಗಡಿ. ಡೊಂಬಿವಲಿಯಲ್ಲಿರುವ ತಮ್ಮನ ಅಂಗಡಿಯ ಲೆಕ್ಕವನ್ನೂ ನಾನೇ ನೋಡುತ್ತೇನೆ. ಹಾಗಾಗಿ ಮೂರೂ ಬಗೆಯ ವ್ಯವಸ್ಥೆಯ ಅನುಭವವಿದೆ. ನನ್ನ ಮತ ವರ್ಷದ ಗುತ್ತಿಗೆಗೆ.

ನಿಜವಾದ ಪರೀಕ್ಷೆ ಬಂದದ್ದು 2025ರ ಸೆಪ್ಟೆಂಬರ್ 22ರಂದು, ಜಿಎಸ್‌ಟಿ ದರ ಬದಲಾದ ದಿನ. ಆಗ ಮಾಟುಂಗದಲ್ಲಿ ಟ್ಯಾಲಿಗೆ, ಅಂದರೆ ನಮ್ಮ ಬಿಲ್ಲು-ಲೆಕ್ಕದ ಸಾಫ್ಟ್‌ವೇರಿಗೆ, ಏನಾದರೂ ಆದರೆ ಫೋನ್ ಮಾಡಿ ಒಬ್ಬರನ್ನು ಕರೆಸುತ್ತಿದ್ದೆವು, ಬಂದಷ್ಟು ಸಲಕ್ಕೆ ದುಡ್ಡು. ಅವರು ಅವಸರದಲ್ಲಿ ಬಂದು ‘ಸಾಬೂನು’ ಎಂಬ ಇಡೀ ಗುಂಪಿಗೆ ಶೇ. 5 ಹಾಕಿ ಹೋದರು. ಸ್ನಾನದ ಸಾಬೂನಿನ ಬಿಲ್ಲೆ 18ರಿಂದ 5ಕ್ಕೆ ಇಳಿದದ್ದು ಹೌದು. ಆದರೆ ಕೈ ತೊಳೆಯುವ ದ್ರವ, ಬಟ್ಟೆ ಒಗೆಯುವ ಪುಡಿ 18ರಲ್ಲೇ ಉಳಿದಿದ್ದವು. ಬಿಲ್ಲಿನಲ್ಲಿ ಕಡಿಮೆ ಬಿದ್ದ ತೆರಿಗೆಯನ್ನು ನಾವೇ ತುಂಬಬೇಕಾಯಿತು.

ಅದಕ್ಕಿಂತ ದೊಡ್ಡ ಪೆಟ್ಟು ತುಪ್ಪದಲ್ಲಿ ಬಿತ್ತು. ದರ ಯಾವ ದಿನದಿಂದ ಅನ್ವಯ ಎಂದು ನಮೂದಿಸುವ ಜಾಗ ಟ್ಯಾಲಿಯಲ್ಲೇ ಇದೆ. ಅವರು ಅದನ್ನು ಬಿಟ್ಟು, ಹಳೆಯ 12ನ್ನು ಅಳಿಸಿ ಅದರ ಮೇಲೇ 5 ಬರೆದಿದ್ದರು. ಒಂದು ಹೋಟೆಲಿನವರು ಕೊಟ್ಟಿದ್ದ ಜಿಎಸ್‌ಟಿ ನಂಬರಿನಲ್ಲಿ ಒಂದಂಕಿ ತಪ್ಪಿತ್ತೆಂದು ಆಗಸ್ಟ್ ತಿಂಗಳ ಬಿಲ್ ತೆರೆದು ತಿದ್ದಿದರೆ, ತುಪ್ಪದ ತೆರಿಗೆ ತಾನಾಗಿ 5ಕ್ಕೆ ಇಳಿದು ಮೊತ್ತವೇ ಬದಲಾಯಿತು. ಆಗಸ್ಟ್‌ನ ರಿಟರ್ನ್ ಅಷ್ಟರಲ್ಲಿ ಸಲ್ಲಿಕೆಯಾಗಿತ್ತು. ಪುಸ್ತಕದಲ್ಲಿ ಒಂದು ಲೆಕ್ಕ, ಪೋರ್ಟಲ್‌ನಲ್ಲಿ ಇನ್ನೊಂದು. ಆ ಮನುಷ್ಯರಿಗೆ ಫೋನ್ ಮಾಡಿದರೆ ಭಿವಂಡಿಯಲ್ಲಿದ್ದೇನೆ, ನಾಳೆ ನೋಡೋಣ ಎಂಬ ಉತ್ತರ. ದರ ಬದಲಾದ ವಾರದಲ್ಲಿ ಎಲ್ಲ ಅಂಗಡಿಯವರೂ ಅವರನ್ನೇ ಕರೆಯುತ್ತಿದ್ದರು, ನಮ್ಮ ಸರದಿ ಬರಲೇ ಇಲ್ಲ.

ಆಮೇಲೆ ಗುತ್ತಿಗೆ ಮಾಡಿಕೊಂಡೆವು. ಬಂದ ಹುಡುಗ ಕುಂದಾಪುರದ ಕಡೆಯವನು. ಮೊದಲು ಮಾಡಿದ ಕೆಲಸ, ಬ್ಯಾಕಪ್ ತೆಗೆದದ್ದು. ಆಮೇಲೆ ತೆರಿಗೆಗಾಗಿ ಸಾಮಾನುಗಳನ್ನು ವಿಂಗಡಿಸುವ ಎಚ್‌ಎಸ್‌ಎನ್ ಕೋಡ್ ಹಿಡಿದು ಒಂದೊಂದೇ ಸಾಮಾನು ನೋಡಿದ. ಬಿಲ್ಲೆಯೂ ದ್ರವವೂ 3401ರ ಕೆಳಗೇ ಬರುತ್ತವೆ, ಆದ್ದರಿಂದ ನಾಲ್ಕಂಕಿಯ ಕೋಡ್ ಒಂದನ್ನೇ ನಂಬುವಂತಿಲ್ಲ ಎಂದು ಪರದೆಯ ಮೇಲೆ ಬೆರಳಿಟ್ಟು ತೋರಿಸಿದ. ಪ್ರತಿ ಸಾಮಾನಿಗೂ ಹಳೆಯ ದರದ ಸಾಲು ಉಳಿಸಿ, 22ರಿಂದ ಹೊಸ ದರವೆಂದು ಇನ್ನೊಂದು ಸಾಲು ಬರೆದ. “ಅಣ್ಣಾ, ಸಲ್ಲಿಸಿದ ತಿಂಗಳುಗಳಿಗೆ ಬೀಗ ಹಾಕಿದ್ದೇನೆ. ಹಳೆಯ ಬಿಲ್ ಮುಟ್ಟುವ ಮೊದಲು ನನಗೊಂದು ಫೋನ್ ಮಾಡಿ” ಎಂದ. ಇಂಥವರು ಸಿಕ್ಕರೆ ಬಿಡಬಾರದು.

ತಮ್ಮನದು ತಿಂಗಳ ಚಂದಾದ ಆನ್‌ಲೈನ್ ಸಾಫ್ಟ್‌ವೇರ್. ಅಪ್‌ಡೇಟ್ ತಾನಾಗಿ ಬರುತ್ತದೆ. ಮಳೆಗಾಲದಲ್ಲಿ ಮಾಟುಂಗದ ಕಿಂಗ್ಸ್ ಸರ್ಕಲ್‌ನಲ್ಲಿ ನೀರು ತುಂಬಿದಾಗ ನಮಗೆ ಕಂಪ್ಯೂಟರನ್ನು ಅಟ್ಟಕ್ಕೇರಿಸುವ ಚಿಂತೆ, ಅವನಿಗೆ ಅದಿಲ್ಲ. ಆದರೆ ಗಿರಾಕಿಗಳು ಎದುರು ನಿಂತಿರುವಾಗ ಚಾಟ್‌ನಲ್ಲಿ ಪ್ರಶ್ನೆ ಬರೆದು ಉತ್ತರಕ್ಕೆ ಕಾಯುವುದು ನನ್ನಿಂದಾಗದು. ಮೊಬೈಲಿನಲ್ಲೇ ಎಲ್ಲ ವ್ಯವಹಾರ ಮಾಡುವ ಅವನಿಗೆ ಅದು ಒಗ್ಗಿದೆ.

ಖರ್ಚಿನ ಮಾತು: ವರ್ಷದ ಗುತ್ತಿಗೆ ನಮ್ಮ ಅಂಗಡಿ ಹುಡುಗನ ಒಂದು ತಿಂಗಳ ಸಂಬಳಕ್ಕಿಂತ ಕಡಿಮೆ. ಟ್ಯಾಲಿಯ ವಾರ್ಷಿಕ ನವೀಕರಣ ಶುಲ್ಕ ಬೇರೆಯೇ, ಎರಡಕ್ಕೂ ಶೇ. 18 ಜಿಎಸ್‌ಟಿ ಸೇರುತ್ತದೆ. ಏನೂ ಕೆಡದ ವರ್ಷ ದುಡ್ಡು ದಂಡವೆನಿಸಬಹುದು, ನಾನಂತೂ ಕೊಡುತ್ತೇನೆ.

ಗುತ್ತಿಗೆಗೆ ಸಹಿ ಹಾಕುವಾಗ ಎರಡು ವಿಷಯ ಬರೆಸಿಕೊಳ್ಳಿ. ದರ ಬದಲಾದ ದಿನ ಅಂಗಡಿಗೆ ಬರಲೇಬೇಕು. ಬ್ಯಾಕಪ್‌ನ ಒಂದು ಪ್ರತಿ ಅಂಗಡಿಯ ಹೊರಗೆ, ನಿಮ್ಮ ಮನೆಯಲ್ಲಿರಬೇಕು. ಲೈಸೆನ್ಸ್ ನಿಮ್ಮದೇ ಇಮೇಲ್‌ನಲ್ಲಿ ಇದೆಯೇ ಎಂದು ಅವತ್ತೇ ನೋಡಿಕೊಳ್ಳಿ. ಡೀಲರ್‌ನ ಇಮೇಲ್‌ನಲ್ಲಿದ್ದರೆ ಮುಂದೆ ಬೇರೆಯವರ ಬಳಿ ಹೋಗುವಾಗ ಅವರ ಕೈಕಾಲು ಹಿಡಿಯಬೇಕಾಗುತ್ತದೆ.