ವೀಕ್ಷಣಾ ಬಾವಿಗೆ ಬೈಲರೋ, ಬ್ಯಾಟರಿ ಪಂಪೋ?

ಕಸದ ಭೂಭರ್ತಿ ತಾಣದಿಂದ ಕೊಳೆ ಸೋರುತ್ತಿದೆಯೇ ಎಂದು ನೋಡಲು ಅದರ ಸುತ್ತ ಕೊರೆದ ವೀಕ್ಷಣಾ ಬಾವಿಗಳಿಂದ ನೀರಿನ ಮಾದರಿ ತೆಗೆಯಲು ನಾನು ಮೂರು ಸಾಧನಗಳನ್ನು ಬಳಸಿದ್ದೇನೆ: ಹಗ್ಗ ಕಟ್ಟಿ ಇಳಿಸುವ ಬೈಲರ್, ಮೇಲಿನಿಂದ ಹೀರುವ ಪೆರಿಸ್ಟಾಲ್ಟಿಕ್ ಪಂಪ್, ಮತ್ತು ನೀರಿನೊಳಗೆ ಇಳಿಬಿಡುವ 12 ವೋಲ್ಟಿನ ಸಣ್ಣ ಸಬ್‌ಮರ್ಸಿಬಲ್ ಪಂಪ್. ಶಿವಮೊಗ್ಗ ಜಿಲ್ಲೆಯ ಮಲೆನಾಡಿನಂತಹ ಜಂಬಿಟ್ಟಿಗೆ ನೆಲದಲ್ಲಿ ಈ ಕೆಲಸ ಮಾಡುವವರು ಮೂರನೆಯದನ್ನೇ ಕೊಳ್ಳಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಬೈಲರ್‌ನ ತೊಡಕು ಒಂದೇ, ಆದರೆ ದೊಡ್ಡದು: ಅದು ನೀರನ್ನು ಕದಡುತ್ತದೆ. ತಳದಲ್ಲಿ ಗುಂಡಿನ ಕವಾಟವಿರುವ ಆ ಕೊಳವೆ ಇಳಿದು ಏರುವಾಗಲೆಲ್ಲ ಕೇಸಿಂಗಿನ (ಬಾವಿಯೊಳಗಿನ ಪೈಪಿನ) ಸೀಳುಗಳಿಂದ ಕೆಮ್ಮಣ್ಣಿನ ನಯವಾದ ಕಣಗಳು ಒಳಬರುತ್ತವೆ. ಅಂತಹ ಮಾದರಿಯನ್ನು ಸ್ವಲ್ಪ ಹೊತ್ತು ಬಿಟ್ಟರೆ ಬಾಟಲಿಯ ತಳದಲ್ಲಿ ಕೆಂಪು ಪದರ ಕೂರುತ್ತದೆ. ಲೋಹಗಳ ಪರೀಕ್ಷೆಗೆಂದು ಕಾಯ್ದಿಡಲು ಬಾಟಲಿಗೆ ನೈಟ್ರಿಕ್ ಆಮ್ಲ ಸೇರಿಸಿರುತ್ತಾರೆ; ಆ ಆಮ್ಲ ಮಣ್ಣಿನ ಕಣಗಳಲ್ಲಿರುವ ಕಬ್ಬಿಣವನ್ನೂ ಕರಗಿಸಿಬಿಡುವುದರಿಂದ ಲ್ಯಾಬಿನ ವರದಿಯಲ್ಲಿ ಕಬ್ಬಿಣದ ಅಂಶ ವಿಪರೀತ ಹೆಚ್ಚಾಗಿ ಕಾಣುತ್ತದೆ.

ಇದು ಬರೀ ಅಂಕಿ ಅಂಶದ ತಕರಾರಲ್ಲ. ಕಸದಿಂದ ಇಳಿಯುವ ಕೊಳಕು ನೀರು, ಅಂದರೆ ಲೀಚೇಟ್, ಅಂತರ್ಜಲವನ್ನು ಸೇರಿದರೆ ಅಲ್ಲಿನ ಆಮ್ಲಜನಕ ಮುಗಿದುಹೋಗಿ, ಮಣ್ಣಿಗೆ ಅಂಟಿಕೊಂಡಿದ್ದ ಕಬ್ಬಿಣ ಮತ್ತು ಮ್ಯಾಂಗನೀಸ್ ನೀರಿನಲ್ಲಿ ಕರಗತೊಡಗುತ್ತವೆ. ಹಾಗಾಗಿ ಕರಗಿದ ಕಬ್ಬಿಣದ ಏರಿಕೆ ಸೋರಿಕೆಯ ಸುಳಿವಾಗಬಲ್ಲದು. ಬಗ್ಗಡ ಮಾದರಿಯಲ್ಲಿ ಮಾತ್ರ ಸೋರಿಕೆಯ ಕಬ್ಬಿಣ ಯಾವುದು, ನೆಲದ ಕಬ್ಬಿಣ ಯಾವುದು ಎಂದು ಹೇಳಲು ಬರುವುದಿಲ್ಲ. ಲೀಚೇಟ್ ತಲುಪಲಾರದ ಮೇಲ್ಗಡೆಯ ಬಾವಿಯಲ್ಲೂ ನನಗೆ ಬೈಲರ್ ಮಾದರಿಯಿಂದ ಕಬ್ಬಿಣ ಅಷ್ಟೇ ಹೆಚ್ಚು ಬಂದಿತ್ತು. ಸ್ಥಳದಲ್ಲೇ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ಆಮೇಲೆ ಆಮ್ಲ ಹಾಕಬಹುದು ನಿಜ, ಆದರೆ ಇಂತಹ ನೀರಿಗೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಅಷ್ಟರಲ್ಲಿ ಗಾಳಿ ತಗುಲಿದ ನೀರಿನಲ್ಲಿ ಕರಗಿದ್ದ ಕಬ್ಬಿಣವೂ ತುಕ್ಕಾಗಿ ಫಿಲ್ಟರಿನಲ್ಲೇ ಉಳಿದು, ಈ ಬಾರಿ ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ.

ಹಳೆಯ ಪದ್ಧತಿಯಂತೆ, ಮಾದರಿ ತುಂಬುವ ಮೊದಲು ಹೊಸ ನೀರು ಬರಲೆಂದು ಬಾವಿಯಲ್ಲಿ ನಿಂತ ನೀರಿನ ಮೂರು ಪಟ್ಟು ಹೊರಹಾಕುವುದೆಂದರೆ, 100 ಮಿಲಿಮೀಟರ್ ಒಳವ್ಯಾಸದ ಪೈಪಿನಲ್ಲಿ 10 ಮೀಟರ್ ನೀರಿದ್ದರೆ ಸುಮಾರು 235 ಲೀಟರ್. ಒಂದು ಲೀಟರಿನ ಬೈಲರ್‌ನಲ್ಲಿ ಅಷ್ಟನ್ನು ಎತ್ತುವುದು ಒಬ್ಬರ ಕೆಲಸವಲ್ಲ, ಮತ್ತು ನಾನು ಹೆಚ್ಚಾಗಿ ಒಬ್ಬನೇ ಹೋಗುವವನು.

ಸಬ್‌ಮರ್ಸಿಬಲ್ ಪಂಪಿಗೆ ವೇಗ ತಗ್ಗಿಸುವ ಕಂಟ್ರೋಲರ್ ಜೋಡಿಸಿ, ನಿಮಿಷಕ್ಕೆ 100ರಿಂದ 500 ಮಿಲಿಲೀಟರ್ ಮಾತ್ರ ಬರುವಂತೆ ಇಟ್ಟುಕೊಂಡರೆ ಬಾವಿಯ ಮಟ್ಟ 10 ಸೆಂಟಿಮೀಟರಿಗಿಂತ ಹೆಚ್ಚು ಇಳಿಯದಂತೆ ನೋಡಿಕೊಳ್ಳಬಹುದು. ಮೊದಲು ಬರುವ ಕೆಂಬಣ್ಣದ ನೀರು ನೋಡನೋಡುತ್ತಿದ್ದಂತೆ ತಿಳಿಯಾಗುತ್ತದೆ. ಕೆಲವು ನಿಮಿಷಗಳ ಅಂತರದಲ್ಲಿ ಮೂರು ಸಲ ಅಳೆದಾಗ ಪಿಎಚ್ 0.1ರೊಳಗೆ, ವಿದ್ಯುತ್ ವಾಹಕತೆ ಶೇ. 3ರೊಳಗೆ ಸ್ಥಿರವಾಗಿ, ಬಗ್ಗಡವೂ ಇಳಿದು ನಿಂತ ಮೇಲೆ ನಾನು ಬಾಟಲಿ ತುಂಬುತ್ತೇನೆ. ಟ್ಯೂಬಿನ ತುದಿಗೇ ಫಿಲ್ಟರ್ ಸಿಕ್ಕಿಸುವುದರಿಂದ ನೀರಿಗೆ ಗಾಳಿ ತಗುಲುವ ಅವಕಾಶವೇ ಕಡಿಮೆ.

ಪೆರಿಸ್ಟಾಲ್ಟಿಕ್ ಪಂಪ್ ಮಳೆಗಾಲದಲ್ಲಿ ಚೆನ್ನ. ಆದರೆ ನೀರು ಸುಮಾರು 8 ಮೀಟರಿಗಿಂತ ಕೆಳಗಿಳಿದರೆ ಅದರಿಂದ ಹೀರಲಾಗದು, ನಮ್ಮಲ್ಲಿ ಬೇಸಿಗೆಯಲ್ಲಿ ಅದೇ ಆಗುತ್ತದೆ.

ಕ್ಲೋರೈಡ್ ಮತ್ತು ವಾಹಕತೆ ಮಾತ್ರ ಬೇಕಿದ್ದರೆ ಅಗ್ಗದ ಬೈಲರ್ ಸಾಕು, ಏಕೆಂದರೆ ಕ್ಲೋರೈಡ್ ಮಣ್ಣಿಗೆ ಅಂಟುವುದೂ ಇಲ್ಲ, ಕೊಳೆತು ಹೋಗುವುದೂ ಇಲ್ಲ. ಆದರೂ ಬಾವಿಯ ಕ್ಲೋರೈಡನ್ನು ಲೀಚೇಟ್ ಹೊಂಡದ್ದರೊಂದಿಗೆ ಹೋಲಿಸುವವರು ಬೇಸಿಗೆಯ ಮಾದರಿಯನ್ನೂ ತೆಗೆಯಬೇಕು: 1,000 ಚದರ ಮೀಟರಿನ ತೆರೆದ ಹೊಂಡಕ್ಕೆ 100 ಮಿಲಿಮೀಟರ್ ಮಳೆ ಬಿದ್ದರೆ ಒಂದು ಲಕ್ಷ ಲೀಟರ್ ನೀರು ಸೇರಿ ಎಲ್ಲವೂ ತೆಳುವಾಗುತ್ತದೆ.

ಪಂಪಿನ ವೆಚ್ಚದಲ್ಲಿ ಪ್ರತಿ ಬಾವಿಗೂ ಪ್ರತ್ಯೇಕ ಟ್ಯೂಬಿನ ಹಣವನ್ನು ಸೇರಿಸಿಕೊಳ್ಳಿ. ಮೇಲ್ಗಡೆಯ ಶುದ್ಧ ಬಾವಿಯಿಂದ ಆರಂಭಿಸಿ ಲೀಚೇಟ್ ಹೊಂಡದ ಪಕ್ಕದ ಬಾವಿಯನ್ನು ಕೊನೆಗೆ ಇಟ್ಟುಕೊಳ್ಳಿ, ನಡುನಡುವೆ ಪಂಪನ್ನು ಸೋಪಿನ ನೀರಿನಲ್ಲಿಯೂ ಬಟ್ಟಿ ಇಳಿಸಿದ ನೀರಿನಲ್ಲಿಯೂ ಓಡಿಸಿ ತೊಳೆಯಿರಿ. ಬೇಸಿಗೆಯಲ್ಲಿ ನೀರು ಬಹಳ ನಿಧಾನವಾಗಿ ಊರುವ ಬಾವಿಗೆಂದು ನಾನು ಒಂದು ಬೈಲರ್ ಅನ್ನೂ ಜೊತೆಗೆ ಒಯ್ಯುತ್ತೇನೆ. ಅದರಿಂದ ತೆಗೆದ ಮಾದರಿಯನ್ನು ಕಬ್ಬಿಣದ ಪರೀಕ್ಷೆಗೆ ಕಳುಹಿಸುವುದಿಲ್ಲ.