ಆರು ವರ್ಷ ಬಳಸಿದ ಕ್ಲಾರ್ ಕಂಪಾಸ್: ಆ ಕೀಲೊಂದು ಬಿಗಿಯಾಗಿದ್ದಿದ್ದರೆ!

ಹಳೆಯ ಶಿಯರ್ ಝೋನ್‌ಗಳಲ್ಲಿ (ಎರಡು ಬದಿಯ ನೆಲ ಒಂದಕ್ಕೊಂದು ಎದುರಾಗಿ ಸರಿದ ಪಟ್ಟಿಗಳಲ್ಲಿ) ಬಂಡೆ ಎಷ್ಟು ಎಳೆದಾಡಿಸಿಕೊಂಡಿದೆ ಅಂತ ಅಳೆಯುವುದು ನನ್ನ ಕೆಲಸ. ಆರು ವರ್ಷದಿಂದ ಈ ಕಂಪಾಸ್ ನನ್ನ ಸೊಂಟದ ಚೀಲದಲ್ಲೇ ಇದೆ. ಕ್ಲಾರ್ ಅಂದರೆ ಭೂವಿಜ್ಞಾನಿಗಳ ಕಂಪಾಸ್: ದಿಕ್ಕಿನ ಮುಳ್ಳೂ ಮಟ್ಟ ತೋರಿಸುವ ಗುಳ್ಳೆಯೂ ಇರುವ ಡಬ್ಬಿ, ಅದಕ್ಕೆ ಕೀಲಿನಿಂದ ಸೇರಿಸಿದ ಮುಚ್ಚಳ, ಕೀಲಿನಲ್ಲಿ ಇಳಿಜಾರಿನ ಡಿಗ್ರಿ ತೋರಿಸುವ ಬಿಲ್ಲೆ. ಇದಕ್ಕಿಂತ ವಿವರ ಬೇಡ. ತಯಾರಕರ ಹೆಸರೂ ಬೇಡ.

ಮೊದಲು ಖುಷಿಯ ವಿಷಯ. ಮೈಲೋನೈಟಿನ (ಶಿಯರ್ ಝೋನಿನ ಎಳೆತಕ್ಕೆ ಸಿಕ್ಕಿ ಪದರಪದರವಾದ ಬಂಡೆ) ಪದರಕ್ಕೆ ಮುಚ್ಚಳ ಒರಗಿಸುತ್ತೇನೆ. ಗುಳ್ಳೆ ವೃತ್ತದ ನಡುವೆ ಬರುವ ತನಕ ಉಸಿರು ಹಿಡಿದು ಡಬ್ಬಿಯನ್ನು ಚೂರುಚೂರೇ ತಿರುಗಿಸುತ್ತೇನೆ. ಗುಂಡಿ ಒತ್ತಿದರೆ ಮುಳ್ಳು ಬಿಟ್ಟುಕೊಂಡು, ಎರಡು ಸಲ ತೂಗಾಡಿ ನಿಲ್ಲುತ್ತದೆ. ಬೆರಳು ತೆಗೆದರೆ 'ಟಿಕ್', ಅಲ್ಲೇ ಲಾಕ್. ಇಳಿಜಾರು ಯಾವ ಕಡೆ, ಎಷ್ಟು ಡಿಗ್ರಿ, ಎರಡೂ ಒಂದೇ ಸಲಕ್ಕೆ! ಕೀಲಿನ ಬಿಲ್ಲೆ ಕೆಂಪು ತೋರಿಸಿದರೆ ಮುಳ್ಳಿನ ಕೆಂಪು ತುದಿ ಓದಬೇಕು, ಕಪ್ಪು ತೋರಿಸಿದರೆ ಕಪ್ಪು ತುದಿ. ಲೀನಿಯೇಷನ್, ಅಂದರೆ ಪದರದ ಮೇಲೆ ಎಳೆತದಿಂದ ಮೂಡಿದ ಗೆರೆ, ಬೇಕಿದ್ದರೆ ಮುಚ್ಚಳದ ಅಂಚನ್ನು ಗೆರೆಗೆ ಹೊಂದಿಸಿದರೆ ಸಾಕು. ಉರಿಬಿಸಿಲಲ್ಲಿ ನೂರನೇ ರೀಡಿಂಗ್ ತೆಗೆಯುವಾಗಲೂ ಆ 'ಟಿಕ್' ಬೇಜಾರಾಗಿಲ್ಲ.

ಬೇಜಾರು ಮಾಡಿದ್ದು ಕೀಲು. ಮೂರನೇ ವರ್ಷಕ್ಕೇ ಸಡಿಲವಾಯ್ತು. ಬಂಡೆಯಿಂದ ಎತ್ತಿ ಕಣ್ಣಿನ ಹತ್ತಿರ ತರುವಷ್ಟರಲ್ಲಿ ಮುಚ್ಚಳ ಎರಡು ಡಿಗ್ರಿ ಜಾರಿರುತ್ತದೆ. ಎರಡು ಡಿಗ್ರಿ ತಾನೇ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ.

1970ರಲ್ಲಿ ರಾಮ್ಸೆ ಮತ್ತು ಗ್ರಹಾಂ ಅನ್ನುವ ಭೂವಿಜ್ಞಾನಿಗಳು ಕೊಟ್ಟ ಒಂದು ಲೆಕ್ಕ ಇದೆ. ಗ್ರಾನೈಟಿನಂಥ ಬಂಡೆ, ಇಸ್ಪೀಟ್ ಕಟ್ಟನ್ನು ಪಕ್ಕಕ್ಕೆ ಜಾರಿಸಿದಂಥ ಸಿಂಪಲ್ ಶಿಯರ್‌ಗೆ ಸಿಕ್ಕಿದರೆ, ಝೋನಿನ ಅಂಚಿನಲ್ಲಿ ಪದರ ಝೋನಿನ ಗೋಡೆಗೆ 45 ಡಿಗ್ರಿಯಲ್ಲಿ ಹುಟ್ಟುತ್ತದೆ. ಒಳಗೆ ಹೋದ ಹಾಗೆ ಝೋನಿನ ಗೋಡೆಯ ಕಡೆಗೇ ವಾಲುತ್ತದೆ. ಆ ಕೋನವನ್ನು ದುಪ್ಪಟ್ಟು ಮಾಡಿ, ಅದರ ಟ್ಯಾನ್‌ನಿಂದ 2ನ್ನು ಭಾಗಿಸಿದರೆ ಶಿಯರ್ ಸ್ಟ್ರೇನ್ (ಬಂಡೆ ಎಷ್ಟು ಎಳೆದಾಡಿಸಿಕೊಂಡಿದೆ ಅನ್ನುವ ಅಳತೆ) ಸಿಕ್ಕಿತು. ಕೋನ 30 ಇದ್ದಾಗ ಸ್ಟ್ರೇನ್ ಸುಮಾರು 1.15. ತಪ್ಪಿ 28 ಅಂತ ಓದಿದರೆ 1.35. ಹೋಗಲಿ ಬಿಡಿ. ಆದರೆ ನಡುಭಾಗದಲ್ಲಿ ಕೋನ 5.7 ಇದ್ದರೆ ಸ್ಟ್ರೇನ್ ಹತ್ತಿರ ಹತ್ತಿರ 10. ಅಲ್ಲಿ ಅದೇ ಎರಡು ಡಿಗ್ರಿ ಆಚೆ ಜಾರಿದರೆ 7ರ ಆಸುಪಾಸು, ಈಚೆ ಜಾರಿದರೆ 15ಕ್ಕೂ ಜಾಸ್ತಿ! ಎರಡು ಬದಿ ಎಷ್ಟು ಸರಿದಿವೆ ಅನ್ನುವ ಉತ್ತರದಲ್ಲಿ ದೊಡ್ಡ ಪಾಲು ಈ ನಡುಭಾಗದ್ದೇ.

ಒಮ್ಮೆ ನನ್ನ ಸ್ಟ್ರೇನ್ ಗ್ರಾಫಿನ ನಡುವೆ ಒಂದು ಕೊಂಬು ಮೂಡಿತ್ತು. ಅದಕ್ಕೊಂದು ಘನವಾದ ಕಾರಣ ಹುಡುಕಿ ನೋಟ್‌ಬುಕ್ಕಿನಲ್ಲಿ ಅರ್ಧ ಪುಟ ಬರೆದೂ ಬಿಟ್ಟಿದ್ದೆ. ಮರುದಿನ ಮತ್ತೆ ಅಳೆದೆ. ಕೊಂಬೇ ಇಲ್ಲ. ಆ ಅರ್ಧ ಪುಟ ಸುಮ್ನೆ ಹರಿದು ಹಾಕಿದೆ.

ಕೋಪದಲ್ಲಿ ಒಂದು ಸ್ಟಾರ್ ಕೊಡಬೇಕು ಅಂತಿದ್ದೆ. ಆದರೆ ಪೂರ್ತಿ ತಪ್ಪು ಕಂಪಾಸಿನದೂ ಅಲ್ಲ. ಝೋನ್ ಕಡಿದಾಗಿ ನಿಂತಿದ್ದು, ಬಂಡೆಯ ಮೇಲ್ಮೈ ಸಮತಟ್ಟಾಗಿದ್ದರೆ ಕೋನದ ವ್ಯತ್ಯಾಸವನ್ನು ಮುಳ್ಳೇ ಹೇಳುತ್ತದೆ, ಕೀಲಿನ ಹಂಗಿಲ್ಲ. ಕಾಟವೆಲ್ಲ, ಒಂದು ಬಂಡೆ ಇನ್ನೊಂದರ ಮೇಲೆ ಹತ್ತಿ ಸರಿದ, ಮಲಗಿದಂತಿರುವ ಥ್ರಸ್ಟ್‌ಗಳಲ್ಲಿ. ಅಲ್ಲಿ ಈಗ ಎತ್ತುವುದೇ ಇಲ್ಲ, ಮಂಡಿಯೂರಿ ಕೂತು ಅಲ್ಲೇ ಓದುತ್ತೇನೆ. ಮೂರು ಸಲ. ಹೊಸದು ಕೊಳ್ಳುವ ದುಡ್ಡಿನಲ್ಲಿ ಒಂದಷ್ಟು ಥಿನ್ ಸೆಕ್ಷನ್ (ಸೂಕ್ಷ್ಮದರ್ಶಕದಲ್ಲಿ ನೋಡಲು ಬಂಡೆಯ ತೆಳು ಹೋಳು) ಮಾಡಿಸಬಹುದು, ಹಾಗಾಗಿ ಬದಲಾಯಿಸುವ ಯೋಚನೆ ಸದ್ಯಕ್ಕಿಲ್ಲ. ಮೂರು ಸ್ಟಾರ್.

ಸ್ಕ್ರೂ ಬಿಗಿ ಮಾಡಿದರೆ ನಾಲ್ಕು ದಿನ ಚೆನ್ನಾಗಿರುತ್ತದೆ. ಅದಕ್ಕೇ ಅಂತ ಒಂದು ಪುಟ್ಟ ಸ್ಕ್ರೂಡ್ರೈವರ್ ಇಟ್ಟುಕೊಂಡಿದ್ದೇನೆ. ಉಕ್ಕಿನದು ನೋಡಿ, ಹತ್ತಿರ ಬಂದರೆ ಮುಳ್ಳು ಅದರ ಕಡೆಗೇ ತಿರುಗುತ್ತದೆ. ಸುತ್ತಿಗೆ ಜೊತೆ ಬ್ಯಾಗಿನ ತಳದಲ್ಲಿ ಬಿದ್ದಿರುತ್ತದೆ.