ಮೂರು ಸಸ್ಯಸಾರಗಳ ಕ್ಯಾಪ್ಸೂಲ್: ಅಲ್ಸರೇಟಿವ್ ಕೊಲೈಟಿಸ್ ಇರುವವರಿಗಾಗಿ ಒಂದು ವಿಮರ್ಶೆ

ಅರಿಶಿನದ ಕರ್ಕ್ಯುಮಿನ್, ಶಲ್ಲಕಿ ಮರದ ಅಂಟು ಮತ್ತು ನೆಲಬೇವಿನ ಸಾರವನ್ನು ಒಟ್ಟುಗೂಡಿಸಿ, ಕರುಳಿನ ಉರಿಯೂತಕ್ಕೆ ನೈಸರ್ಗಿಕ ನೆರವು ಎಂದು ಮಾರಲಾಗುತ್ತಿರುವ ಕ್ಯಾಪ್ಸೂಲೊಂದನ್ನು, ವೈದ್ಯರಿಗೆ ತಿಳಿಸಿ, ನನ್ನ ಅಲ್ಸರೇಟಿವ್ ಕೊಲೈಟಿಸ್‌ಗೆ (ದೊಡ್ಡ ಕರುಳಿನ ಒಳಪದರ ಉರಿಯೂತದಿಂದ ಹುಣ್ಣಾಗುವ ದೀರ್ಘಕಾಲದ ಕಾಯಿಲೆ) ಎಂದಿನಂತೆ ಸೇವಿಸುವ ಮೆಸಲಮೈನ್ ಮಾತ್ರೆಯನ್ನು ನಿಲ್ಲಿಸದೆ, ಬಾಟಲಿ ಮುಗಿಯುವವರೆಗೆ ತೆಗೆದುಕೊಂಡೆ. ಯಾವ ತೊಂದರೆಯೂ ಆಗಲಿಲ್ಲ. ಕರುಳಿನ ಉರಿಯೂತವನ್ನು ಸೂಚಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಮಟ್ಟವೂ ಇಳಿಯಲಿಲ್ಲ. ತಾನಾಗಿಯೇ ಏರಿಳಿಯುವ ಈ ಕಾಯಿಲೆಯಲ್ಲಿ ಒಬ್ಬರ ಅನುಭವದಿಂದ ಏನನ್ನೂ ನಿರ್ಧರಿಸಲಾಗದು. ಆದ್ದರಿಂದ ಲೇಬಲ್ಲಿನ ಪ್ರಮಾಣಗಳನ್ನು ರೋಗಿಗಳ ಮೇಲೆ ನಡೆದ ಪ್ರಯೋಗಗಳ ಪ್ರಮಾಣಗಳೊಂದಿಗೆ ಹೋಲಿಸಿಯೇ ಈ ಉತ್ಪನ್ನವನ್ನು ಅಳೆಯಬೇಕು.

ತಯಾರಕರು ಪ್ರತಿ ಸಾರದ ತೂಕವನ್ನೂ ಪ್ರತ್ಯೇಕವಾಗಿ ಮುದ್ರಿಸಿರುವುದು ಮೆಚ್ಚತಕ್ಕದ್ದು. ದಿನಕ್ಕೆ ಎರಡು ಕ್ಯಾಪ್ಸೂಲ್ ಎಂಬ ಸೂಚನೆಯಂತೆ ದೇಹಕ್ಕೆ ಸೇರುವುದು 500 ಮಿಲಿಗ್ರಾಂ ಕರ್ಕ್ಯುಮಿನ್, 400 ಮಿಲಿಗ್ರಾಂ ಶಲ್ಲಕಿ, 200 ಮಿಲಿಗ್ರಾಂ ನೆಲಬೇವು, ಜೊತೆಗೆ 10 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಅಂಶ.

ಮೂರರಲ್ಲಿ ಹೆಚ್ಚಿನ ಆಧಾರವಿರುವುದು ಕರ್ಕ್ಯುಮಿನ್‌ಗೆ. 2006ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ, ಅಲ್ಸರೇಟಿವ್ ಕೊಲೈಟಿಸ್ ಹತೋಟಿಯಲ್ಲಿದ್ದ ರೋಗಿಗಳಿಗೆ ಎಂದಿನ ಔಷಧದ ಜೊತೆ ದಿನಕ್ಕೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ, ಆರು ತಿಂಗಳಲ್ಲಿ ಕಾಯಿಲೆ ಮರುಕಳಿಸಿದ್ದು 43 ಮಂದಿಯಲ್ಲಿ ಇಬ್ಬರಿಗೆ; ಔಷಧಾಂಶವಿಲ್ಲದ ಹುಸಿ ಗುಳಿಗೆ ಪಡೆದ 39 ಮಂದಿಯಲ್ಲಿ ಎಂಟು ಜನರಿಗೆ. 2015ರ ಮತ್ತೊಂದು ಅಧ್ಯಯನದಲ್ಲಿ, ಮೆಸಲಮೈನ್‌ನಿಂದ ಮಾತ್ರ ಹತೋಟಿಗೆ ಬಾರದವರಿಗೆ ದಿನಕ್ಕೆ 3 ಗ್ರಾಂ ಸೇರಿಸಿದಾಗ, ಒಂದು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಲಕ್ಷಣಗಳು ಶಮನಗೊಂಡವು. ಹುಸಿ ಗುಳಿಗೆಯ ಗುಂಪಿನಲ್ಲಿ ಒಬ್ಬರಿಗೂ ಹಾಗಾಗಲಿಲ್ಲ. ಆದರೆ 2017ರಲ್ಲಿ ದಿನಕ್ಕೆ 450 ಮಿಲಿಗ್ರಾಂ ಕೊಟ್ಟು ಪರೀಕ್ಷಿಸಿದಾಗ ಹುಸಿ ಗುಳಿಗೆಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಈ ಬಾಟಲಿಯ ಪ್ರಮಾಣ ಯಾವ ಅಧ್ಯಯನದ ಹತ್ತಿರಕ್ಕೆ ಬರುತ್ತದೆಂಬುದು ಸ್ಪಷ್ಟ, ಮತ್ತು ನನ್ನ ಮುಖ್ಯ ಆಕ್ಷೇಪವೂ ಅದೇ.

ನೆಲಬೇವಿನ ಸ್ಥಿತಿಯೂ ಇಂಥದ್ದೇ. 2013ರ ಅಧ್ಯಯನದಲ್ಲಿ ಸುಮಾರು 60 ಪ್ರತಿಶತ ರೋಗಿಗಳು ಸುಧಾರಣೆ ಕಂಡದ್ದು ದಿನಕ್ಕೆ 1,800 ಮಿಲಿಗ್ರಾಂ ಸಾರದಿಂದ, ಅಂದರೆ ಇಲ್ಲಿರುವುದರ ಒಂಬತ್ತು ಪಟ್ಟಿನಿಂದ. ಆಗಲೂ ಹುಸಿ ಗುಳಿಗೆಯಿಂದ 40 ಪ್ರತಿಶತ ಮಂದಿ ಸುಧಾರಿಸಿದ್ದರು. ಶಲ್ಲಕಿಯನ್ನು, ಕರುಳಿನ ಉರಿಯೂತದ ಮತ್ತೊಂದು ಬಗೆಯಾದ ಕ್ರೋನ್ಸ್ ಕಾಯಿಲೆ ಮರುಕಳಿಸದಂತೆ ತಡೆಯಲು 52 ವಾರ ಕೊಟ್ಟು ನೋಡಿದಾಗ ಲಾಭವಾಗಲಿಲ್ಲ.

ಪೈಪರಿನ್ ಸೇರಿಸಿರುವುದನ್ನು ನಾನು ಒಪ್ಪಲಾರೆ. ಕರ್ಕ್ಯುಮಿನ್ ರಕ್ತಕ್ಕೆ ಹೀರಲ್ಪಡುವುದು ಅತ್ಯಲ್ಪವೆಂಬುದು ನಿಜ, ಪೈಪರಿನ್ ಅದನ್ನು ಬಹುವಾಗಿ ಹೆಚ್ಚಿಸುತ್ತದೆಂಬುದೂ ನಿಜ. ಕೀಲುನೋವಿಗಾದರೆ ಆ ತರ್ಕ ಸರಿಯಿರಬಹುದು. ಆದರೆ ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಉರಿಯೂತವಿರುವುದು ದೊಡ್ಡ ಕರುಳಿನ ಒಳಪದರದಲ್ಲೇ. ಹೀರಲ್ಪಡದೆ ಅಲ್ಲಿಯವರೆಗೆ ಇಳಿದುಬರುವ ಕರ್ಕ್ಯುಮಿನ್ ನೇರವಾಗಿ ಆ ಪದರವನ್ನು ಮುಟ್ಟುತ್ತದೆ. ರಕ್ತದಲ್ಲಿ ಅದನ್ನು ಹೆಚ್ಚಿಸುವುದರಿಂದ ಕರುಳಿಗೆ ಲಾಭವಾಗುವುದೆಂಬುದಕ್ಕಿಂತ, ಯಕೃತ್ತಿನ ಮೇಲೆ ಹೊರೆ ಬೀಳಬಹುದೆಂಬ ಆತಂಕವೇ ನನಗೆ ದೊಡ್ಡದು: ಅರಿಶಿನದ ಪೂರಕಗಳಿಂದ ಯಕೃತ್ತಿಗೆ ಗಂಭೀರ ಹಾನಿಯಾದ ಪ್ರಕರಣಗಳು ದಾಖಲಾಗಿವೆ, ಅವುಗಳಲ್ಲಿ ಕೆಲವು ಪೈಪರಿನ್ ಬೆರೆಸಿದವು. ಇತರ ಔಷಧಗಳನ್ನು ವಿಲೇವಾರಿ ಮಾಡುವ ಕಿಣ್ವಗಳನ್ನೂ ಪೈಪರಿನ್ ತಡೆಯಬಲ್ಲದಾದ್ದರಿಂದ, ಇದೇ ಕಾಯಿಲೆಗೆ ಕೊಡುವ ಟೊಫಾಸಿಟಿನಿಬ್‌ನಂಥ ಮಾತ್ರೆ ಅಥವಾ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಲೇಬಲ್ಲಿನಲ್ಲಿ ಈ ಎಚ್ಚರಿಕೆ ಇಲ್ಲದಿರುವುದು ದೊಡ್ಡ ಲೋಪ.

ಐದರಲ್ಲಿ ಎರಡು ಅಂಕ ಕೊಡುತ್ತೇನೆ, ಅದೂ ತೂಕಗಳನ್ನು ಮುಚ್ಚಿಡದ ಪ್ರಾಮಾಣಿಕತೆಗಾಗಿ. ಕ್ಯಾಪ್ಸೂಲುಗಳ ಸಂಖ್ಯೆಯನ್ನು ತಾವೇ ಹೆಚ್ಚಿಸಿಕೊಂಡು ಕೊರತೆ ತುಂಬಲು ಯಾರೂ ಹೋಗಬಾರದು, ಏಕೆಂದರೆ ಹಾಗೆ ಮಾಡಿದರೆ ಪೈಪರಿನ್ ಪ್ರಮಾಣವೂ ಅಷ್ಟೇ ಏರುತ್ತದೆ. ತಯಾರಕರು ಶಲ್ಲಕಿ, ನೆಲಬೇವು, ಪೈಪರಿನ್ ಮೂರನ್ನೂ ಕೈಬಿಟ್ಟು, ಶುದ್ಧ ಕರ್ಕ್ಯುಮಿನ್ ಅನ್ನು ಪ್ರಯೋಗಗಳಲ್ಲಿ ಫಲ ಕೊಟ್ಟ ಪ್ರಮಾಣದಲ್ಲಿ ತಂದು, ಮೆಸಲಮೈನ್ ಜೊತೆಗೇ ಹೊರತು ಅದರ ಬದಲಿಗೆ ಅಲ್ಲ ಎಂದು ಬಾಟಲಿಯ ಮೇಲೆ ಅಚ್ಚುಹಾಕಿದರೆ, ಅದನ್ನು ವೈದ್ಯರ ಮುಂದಿಟ್ಟು ಕೇಳಲು ನಾನು ಸಿದ್ಧ.